ಕಿರುಗಾವಲಿನ ಹೋಟ್ಲಮ್ಮನ ಪಂಕ್ತಿ

ಪಕ್ಕದ ಮನೆಯಲ್ಲಿ ಹುರುಳಿಕಾಳಿನ ಬಸ್ಸಾರಿಗೆ ಒಗ್ಗರಣೆ ಬಿದ್ದ ವಾಸನೆ ಕಿಟಕಿಯಿಂದ ಬಂತು. ಓದುತ್ತಿದ್ದ ಪುಸ್ತಕ ಮುಚ್ಚಿದೆ. ಕಿರುಗಾವಲಿನ ಹೋಟ್ಲಮ್ಮ ನೆನಪಾದರು...

ಎರಡನೇ ಮಹಾಯುದ್ಧದ ಕಾಲ. ನಾನು ಮೈಸೂರಿನಲ್ಲಿ ಬಿ.ಎ. ಓದುತ್ತಿದ್ದೆ. ಪೆಟ್ರೋಲು ಸಿಗದೆ ಬಸ್ಸುಗಳು ಇದ್ದಿಲಿನ ಗ್ಯಾಸಿನಲ್ಲಿ ಓಡುತ್ತಿದ್ದವು. ಮಳವಳ್ಳಿಯಿಂದ ಮೈಸೂರಿಗೆ ಹೊರಟ ನಮ್ಮ ಬಸ್ಸು ಇದ್ದಿಲು ತುಂಬಿಸಿಕೊಳ್ಳಲು ಕಿರುಗಾವಲಿನಲ್ಲಿ ನಿಲ್ಲುತ್ತಿತ್ತು. “ಇಳೀರಪ್ಪೋ, ಗಾಡಿಗೆ ಇದ್ಲು, ನಿಮ್ಗೆ ಮುದ್ದೆ” ಎಂದು ಡ್ರೈವರ್ ಕೂಗುತ್ತಿದ್ದ.

ರಸ್ತೆ ಬದಿಯ ಹೋಟೆಲುಗಳಲ್ಲಿ ಆಗ ಜಾತಿಗೊಂದು ಜಾಗ. ಕೆಲವರು ಒಳಗೆ, ಕೆಲವರು ಜಗಲಿಯಲ್ಲಿ. ಊರಾಚೆಯ ಕೇರಿಯವರು ಅಂಗಳದಲ್ಲೇ ನಿಲ್ಲಬೇಕು. ಹೋಟ್ಲಮ್ಮನ ಗುಡಿಸಲಿನಲ್ಲಿ ಮಾತ್ರ ಎಲ್ಲರಿಗೂ ಒಂದೇ ಪಂಕ್ತಿ. ಯಾರದೋ ಭಾಷಣ ಕೇಳಿ ಹಾಗೆ ಮಾಡಿದರೋ, ಜಾಗ ಸಾಲದೆಯೋ... ನಾನು ಕೇಳಲಿಲ್ಲ.

ಒಂದು ಮಧ್ಯಾಹ್ನ ಕೇರಿಯ ಮುದುಕನೊಬ್ಬ ನನ್ನ ಪಕ್ಕದಲ್ಲಿ ಉಣ್ಣುತ್ತಿದ್ದ. ಊರಿನ ಪಟೇಲರು ಬಂದರು. ಗುಡಿಸಲಿದ್ದ ಜಾಗ ಅವರದು.

“ಏನಮ್ಮಿ, ಕಣ್ಣು ಕಾಣಾಕಿಲ್ವಾ? ಅವುನ್ನ ಎಬ್ಸು. ಇಲ್ದಿದ್ರೆ ಇವತ್ತೇ ಜಾಗ ಬುಡು.”

ಹೋಟ್ಲಮ್ಮ ಸಾರಿನ ಸೌಟು ಕೆಳಗಿಡಲಿಲ್ಲ. “ಉಣ್ಣೋರ್ನ ಎಲೆ ಮುಂದಿಂದ ಎಬ್ಸಾಕಾಯ್ತದಾ ಗೌಡ್ರೇ? ಅವ್ನ ಊಟ ಮುಗೀಲಿ. ಆಮೇಕೆ ನಾನೇ ಜಾಗ ಬುಟ್ಟು ಓಯ್ತೀನಿ.”

ಮುದುಕ ಏಳಲು ಹೋದ. “ಕುಂತ್ಕಳೋ. ಸಾರು ಆರೋಯ್ತದೆ” ಎಂದು ಗದರಿ, ಅವನಿಗೆ ಇನ್ನೊಂದು ಮುದ್ದೆ ಇಟ್ಟರು. ಅವನು ಉಂಡು ಮುಗಿಸುವವರೆಗೆ ಪಟೇಲರು ಬಾಗಿಲಲ್ಲೇ ನಿಂತಿದ್ದರು. ಪಂಕ್ತಿಯಲ್ಲಿದ್ದ ಯಾರೂ ಏಳಲಿಲ್ಲ. ಅಂದೇ ಸಂಜೆ ಹೋಟ್ಲಮ್ಮ ಪಾತ್ರೆ ಹೊತ್ತು ಹೊರಬಿದ್ದರಂತೆ.

ಮುಂದಿನ ಸಲ ಬರುವಾಗ ಊರ ಹೊರಗಿನ ಹುಣಸೆಮರದಡಿ ಹೋಟ್ಲಮ್ಮನ ಮೂರು ಕಲ್ಲಿನ ಒಲೆ ಉರಿಯುತ್ತಿತ್ತು. ಬಸ್ಸು ಅಲ್ಲಿಯೇ ನಿಂತಿತು. ಕೆಲವರು ಇಳಿಯದೆ ಬಾಳೆಹಣ್ಣು ಸುಲಿದರು. ಉಳಿದವರು ಬಯಲಿನಲ್ಲಿ ಸಾಲಾಗಿ ಕೂತೆವು. ಬಿಸಿಲಿತ್ತು, ಧೂಳಿತ್ತು; ಪಂಕ್ತಿ ಒಂದೇ ಇತ್ತು.

ಈಚೆಗೆ ಆ ಊರಿಗೆ ಹೋಗಿದ್ದೆ. ಮರವಿಲ್ಲ. ಹೋಟ್ಲಮ್ಮ ತೀರಿಕೊಂಡು ಎಷ್ಟು ಕಾಲವಾಯಿತೆಂದು ಹೇಳುವವರೂ ಇಲ್ಲ. ನಾನು ಕಂಡದ್ದನ್ನು ಹೇಳಿದಾಗ ಪಟೇಲರ ಮೊಮ್ಮಗ ನಕ್ಕ: “ಯಾರೂ ಓಡಿಸ್ನಿಲ್ಲ ಸಾರ್. ಯಾಪಾರ ಇಲ್ದೆ ಅವ್ಳೇ ಬುಟ್ಟೋದ್ಲಂತೆ. ನೀವು ಓದ್ದೋರು, ಏನೇನೋ ಸೇರಿಸ್ಕಂಡಿದೀರಿ.”

ಸೇರಿಸಿಕೊಂಡಿರಬಹುದು. ಅಂದಿನ ಸಾರು ಹುರುಳಿಯದೋ ಅವರೆಯದೋ, ಆಣೆ ಮಾಡಲಾರೆ. ಸಾಕ್ಷಿಯಿಲ್ಲದ್ದನ್ನು ನಂಬಬೇಡವೆಂದೇ ಕಾಲೇಜಿನಲ್ಲಿ ನನಗೆ ಕಲಿಸಿದ್ದು. ಆದರೆ ಇದಕ್ಕೆ ಸಾಕ್ಷಿ ನಾನೇ. ಆ ಮುದುಕನ ಮೊಣಕೈ ನನ್ನ ಮೊಣಕೈಗೆ ತಾಗುತ್ತಿತ್ತು. ಅವನು ಎರಡನೆಯ ಮುದ್ದೆಯನ್ನೂ ಪೂರ್ತಿ ಉಂಡ.