ಸಂಜೀವಣ್ಣ ಒಡೆಯದ ತಳ

ಲೀಲಕ್ಕನ ಬಾವಿ ಬತ್ತಿದ್ದು ನನ್ನಿಂದ. ಸಂಜೀವಣ್ಣನಿಂದ ಅಲ್ಲ. ಇಷ್ಟನ್ನು ಹೇಳಲು ನನಗೆ ಒಂಬತ್ತು ವರ್ಷ ಬೇಕಾಯಿತು. ಹೇಳುವ ಹೊತ್ತಿಗೆ — ಇರಲಿ, ಅದು ಕೊನೆಗೆ ಬರುತ್ತದೆ.

ಮೂಡುಬಿದಿರೆಯ ಹೊರವಲಯದಲ್ಲಿ ಒಂದು ಜೈನ ಮನೆತನದವರು ತಮ್ಮ ತಾಳೆಗರಿ ಗ್ರಂಥಗಳಿಗೆಂದೇ ಸಣ್ಣದೊಂದು ಭಂಡಾರ ಕಟ್ಟಿಸಿದ್ದರು. ತಾಳೆಗರಿಗೆ ಸೆಕೆಯೂ ಆಗದು, ತೇವವೂ ಆಗದು. ಹಾಗಾಗಿ ನೆಲದ ತಂಪನ್ನೇ ಬಳಸುವ ವ್ಯವಸ್ಥೆ ಮಾಡಿಸಿದರು. ಆರು ಕಡೆ ಆಳವಾಗಿ ಕೊರೆದು ಪೈಪು ಇಳಿಸುವುದು, ಪೈಪಿನೊಳಗಿನ ನೀರು ಸುತ್ತುತ್ತಾ ಕಟ್ಟಡದ ಬಿಸಿಯನ್ನು ಭೂಮಿಯೊಳಗೆ ಬಿಟ್ಟು ಬರುವುದು. ಎಲ್ಲವನ್ನೂ ಪರೀಕ್ಷಿಸಿ, ಚಾಲೂ ಮಾಡಿ, ಸರಿಯಿದೆ ಎಂದು ಸಹಿ ಹಾಕಿ ಕೊಡುವವನು ನಾನು. ಬಂಟ್ವಾಳದವನಾದ ನನಗೆ ಊರಿನ ಹತ್ತಿರ ಸಿಕ್ಕಿದ ಮೊದಲ ಕೆಲಸ. ಜಂಬ ಇತ್ತು, ಸುಳ್ಳು ಯಾಕೆ.

ಬೇಲಿಯಾಚೆ ಲೀಲಕ್ಕನ ಮನೆ. ಗಂಡ ತೀರಿಕೊಂಡ ಮೇಲೆ ಮಲ್ಲಿಗೆ ಬೆಳೆದು, ಕಟ್ಟಿ, ಮಾರಿ ಬದುಕುತ್ತಿದ್ದ ಹೆಂಗಸು. ಆ ಮಲ್ಲಿಗೆಗೆ ಇದ್ದದ್ದು ಒಂದೇ ಬಾವಿ. ಕೊರೆಯುವ ನಮಗೆಲ್ಲ ದಿನಾ ಮಧ್ಯಾಹ್ನ ಅದೇ ಬಾವಿಯ ನೀರು, ಜೊತೆಗೊಂದು ತುಂಡು ಬೆಲ್ಲ ತಂದು ಬೇಲಿಯ ಮೇಲಿಂದ ಕೊಡುತ್ತಿದ್ದರು. ಅಂಥ ನೀರು ನಾನು ಮತ್ತೆ ಕುಡಿದಿಲ್ಲ.

ನಾವು ಕೊರೆಯುತ್ತಿದ್ದ ವಾರವೇ ಅವರ ಬಾವಿಯ ಕೆಸರು ತೆಗೆಯಲು ಸಂಜೀವಣ್ಣ ಬಂದಿದ್ದರು. ಸುತ್ತಲಿನ ಊರುಗಳಲ್ಲಿ ಬಾವಿ ಎಂದರೆ ಅವರ ಹೆಸರೇ ಮೊದಲು. ನಮ್ಮ ಯಂತ್ರವನ್ನು ಸ್ವಲ್ಪ ಹೊತ್ತು ನೋಡಿ, ಹತ್ತಿರ ಬಂದು ಹೇಳಿದರು: “ಮೇಲಿನ ಈ ಕೆಂಪು ಮುರಕಲ್ಲು ಎಷ್ಟು ಬೇಕಾದರೂ ಕೊರೆಯಿರಿ. ಅದರ ಅಡಿಯಲ್ಲಿ ಶೇಡಿ ಮಣ್ಣು ಉಂಟು, ನೀರು ಇಳಿಯಲು ಬಿಡದ ಅಂಟು ಜೇಡಿ. ಬಾವಿಯ ನೀರು ನಿಲ್ಲುವುದು ಅದರ ಮೇಲೆ. ಅದನ್ನು ತೂತು ಮಾಡಿದರೆ ಮುಚ್ಚದೆ ಹೋಗಬೇಡಿ.”

ನನಗೆ ಗೊತ್ತಿಲ್ಲದ್ದೇನಲ್ಲ. ಪೈಪಿನ ಸುತ್ತ ಜೇಡಿಯ ಗಟ್ಟಿ ಪಾಕವನ್ನು ತಳದಿಂದ ಮೇಲಿನವರೆಗೆ ತುಂಬಬೇಕು ಎಂಬುದೇ ನಿಯಮ. ಐದು ಕಡೆ ತುಂಬಿಸಿದೆ. ಆರನೆಯದಕ್ಕೆ ಪಾಕ ಸಾಲಲಿಲ್ಲ. ತರುತ್ತಿದ್ದ ಲಾರಿ ಫರಂಗಿಪೇಟೆಯಲ್ಲಿ ಕೆಟ್ಟು ನಿಂತಿತ್ತು. ಮರುದಿನ ಬೆಳಿಗ್ಗೆ ಉದ್ಘಾಟನೆಯ ಮುಹೂರ್ತ. ಇನ್ನೆರಡು ದಿನ ಬೇಕು ಎಂದು ಮನೆಯವರಲ್ಲಿ ಕೇಳಬಹುದಿತ್ತು, ಒಳ್ಳೆಯ ಜನ. ಕೇಳಲಿಲ್ಲ. ಕೊರೆದಾಗ ಬಂದ ಕಲ್ಲುಪುಡಿಯನ್ನೇ ಒಳಗೆ ಸುರಿಸಿ, ಬಾಯಿಗೆ ಸಿಮೆಂಟು ಮೆತ್ತಿಸಿದೆ. ‘ಆರೂ ಪೂರ್ತಿ ತುಂಬಿದೆ’ ಎಂದು ಬರೆದು ಸಹಿ ಹಾಕಿದೆ. ಲೀಲಕ್ಕನ ಬಾವಿಗೆ ಎಲ್ಲಕ್ಕಿಂತ ಹತ್ತಿರ ಇದ್ದದ್ದು ಅದೇ ಆರನೆಯದು.

ಯಂತ್ರ ಚೆನ್ನಾಗಿಯೇ ನಡೆಯಿತು. ನನಗೆ ಶಾಲು ಹೊದಿಸಿದರು.

ಬೇಸಿಗೆಯ ಬಿಸು ಹಬ್ಬದ ಹೊತ್ತಿಗೆ ಬಾವಿಯಲ್ಲಿ ನೀರಿಲ್ಲ. ಲೀಲಕ್ಕನ ಅತ್ತೆಯ ಕಾಲದಿಂದ ಒಮ್ಮೆಯೂ ಬತ್ತದ ಬಾವಿ. ನಾನು ತಪಾಸಣೆಗೆ ಹೋಗಿದ್ದಾಗ ಲೀಲಕ್ಕ ಬೇಲಿಯ ಹತ್ತಿರ ಬಂದರು. ಅವರ ಹಿಂದೆ ಸಂಜೀವಣ್ಣ, ಇನ್ನೂ ನಾಲ್ಕು ಜನ.

“ನಿಮ್ಮ ಕೊಳವೆಯಿಂದ ಆದದ್ದಾ, ಎಂಜಿನಿಯರೇ?”

“ಇಲ್ಲಕ್ಕ, ನಮ್ಮದು ನೀರು ಎಳೆಯುವ ಬೋರ್‌ವೆಲ್ ಅಲ್ಲ.”

ನಮ್ಮ ಪೈಪು ನೆಲದಿಂದ ಹನಿ ನೀರನ್ನೂ ಎಳೆಯುವುದಿಲ್ಲ, ಅದು ನಿಜ. ಆದರೆ ಅವರ ನೀರು ನನ್ನ ತೂತಿನಲ್ಲಿ ಇಳಿದು ಹೋಗುತ್ತಿತ್ತು. ನಿಜವನ್ನೇ ಮುಂದಿಟ್ಟು ಸುಳ್ಳು ಹೇಳಿದೆ — ಎಷ್ಟು ಸಲೀಸಾಗಿ ಬಂತು ಬಾಯಿಗೆ!

ಎಲ್ಲರೂ ಸಂಜೀವಣ್ಣನ ಕಡೆ ತಿರುಗಿದರು. ವಯಸ್ಸಾಯಿತು, ಅಂದಾಜು ತಪ್ಪಿತು, ಕೆಸರು ತೆಗೆಯುವಾಗ ತಳ ಒಡೆದಿರಬೇಕು ಎಂದರು ಯಾರೋ. ಕುಂಬಳಕಾಯಿ ಕಳ್ಳ ಎಂದರೆ ಕದ್ದವನು ಹೆಗಲು ಮುಟ್ಟಿ ನೋಡಿಕೊಂಡನಂತೆ. ಇಲ್ಲಿ ಕದ್ದ ನಾನು ನೆಟ್ಟಗೆ ನಿಂತಿದ್ದೆ. ಹೆಗಲು ಮುಟ್ಟಿಕೊಂಡವರು ಸಂಜೀವಣ್ಣ. ನನ್ನನ್ನು ಒಮ್ಮೆ ನೋಡಿದರು, ನಾನು ಮೀಟರು ನೋಡುತ್ತಿದ್ದೆ. “ಹಾಗಾದರೆ ನನ್ನ ಹಾರೆಯೇ ತಪ್ಪಿರಬೇಕು,” ಎಂದರು.

ಶೇಡಿ ಒಡೆದವನನ್ನು ನಮ್ಮ ಕಡೆ ಯಾರೂ ಮತ್ತೆ ಬಾವಿಗೆ ಇಳಿಸುವುದಿಲ್ಲ. ಅವರಿಗೂ ತಮ್ಮ ಕೈಯ ಮೇಲಿನ ನಂಬಿಕೆ ಹೋಯಿತು. ಲೀಲಕ್ಕನ ಮಲ್ಲಿಗೆ ಒಣಗಿ, ಅವರು ಬೀಡಿ ಕಟ್ಟಲು ಕೂತರು. ನಾನು? ಪೊಳಲಿ ದೇವಸ್ಥಾನಕ್ಕೆ ಹೋಗಿ ತಪ್ಪುಕಾಣಿಕೆ ಹಾಕಿ ಬಂದೆ. ದೇವರಿಗೆ ಹೇಳುವುದು ಸುಲಭ. ದೇವರು ಊರಲ್ಲಿ ಹೇಳಿಕೊಂಡು ಬರುವುದಿಲ್ಲ.

ಕಳೆದ ಮಳೆಗಾಲ ಮುಗಿದ ಮೇಲೆ, ನಿದ್ದೆಯಿಲ್ಲದೆ ಸೋತು, ನಮ್ಮ ಕಂಪನಿಗೂ ಭಂಡಾರದವರಿಗೂ ನಡೆದದ್ದನ್ನು ಬರೆದು ಕೊಟ್ಟೆ. ಆರನೆಯದನ್ನು ಮತ್ತೆ ಕೊರೆದು ಮುಚ್ಚಿಸಿದ್ದಾರೆ. ಬಾವಿಗೆ ನೀರು ಬಂದೀತೋ ಇಲ್ಲವೋ, ಗೊತ್ತಿಲ್ಲ. ಲೀಲಕ್ಕನ ಅಂಗಳಕ್ಕೂ ಹೋಗಿ ಹೇಳಿದೆ. ಅವರು ಬಯ್ಯಲಿಲ್ಲ. ಬೀಡಿಯ ಮೊರ ಬದಿಗಿಟ್ಟು, “ನನಗೆ ಹೇಳಿ ಏನು? ಸಂಜೀವಣ್ಣನಿಗೆ ಹೇಳಿ, ಹೋಗಿ,” ಎಂದರು. ಬಂದವರಿಗೆ ನೀರು ಕೊಡದೆ ಕಳಿಸುವ ಊರಲ್ಲ ನಮ್ಮದು. ಅವತ್ತು ಅವರು ಕೊಡಲಿಲ್ಲ. ನಾನು ಕೇಳಲೂ ಇಲ್ಲ.

ಸಂಜೀವಣ್ಣ ಈಗ ಬೆಳ್ತಂಗಡಿಯ ಹತ್ತಿರ ಲಾಯಿಲದಲ್ಲಿ, ಮಗಳ ಮನೆಯಲ್ಲಿದ್ದಾರೆ. ಮರೆವು ಹಿಡಿದಿದೆ, ಮಗಳ ಗುರುತೂ ಒಮ್ಮೊಮ್ಮೆ ಸಿಗುವುದಿಲ್ಲ. ಕಾಲು ಹಿಡಿದು ಎಲ್ಲ ಹೇಳಿದೆ — ಕಲ್ಲುಪುಡಿ, ಸಹಿ, ನನ್ನ ಮಾತು. ಪೂರ್ತಿ ಕೇಳಿದರು. ಕಣ್ಣು ತುಂಬಿ ಬಂತು.

“ಹಾಗಾದರೆ ನಾನು ಒಡೆಯಲಿಲ್ಲ?”

ಒಡೆಯಲಿಲ್ಲ ಎಂದೆ. ಅವರ ಮುಖ ಸಡಿಲವಾಯಿತು. ಮಗಳು ಚಾ ತಂದಳು. ಲೋಟ ಖಾಲಿಯಾಗುವ ಮೊದಲೇ ಅವರು ನನ್ನ ಕಡೆ ಬಾಗಿ, ಗುಟ್ಟು ಹೇಳುವ ದನಿಯಲ್ಲಿ, “ಲೀಲಕ್ಕನ ಬಾವಿಯ ತಳ ಒಡೆದದ್ದು ನಾನೇ, ಗೊತ್ತುಂಟಾ?” ಎಂದರು.

ಅಂದಿನಿಂದ ಪ್ರತಿ ಭಾನುವಾರ ಹೋಗುತ್ತಿದ್ದೇನೆ. ಪ್ರತಿ ಸಲ ಹೇಳುತ್ತೇನೆ, ಪ್ರತಿ ಸಲ ಅವರ ಕಣ್ಣು ತುಂಬುತ್ತದೆ, ಚಾ ಮುಗಿಯುವಷ್ಟರಲ್ಲಿ ಎಲ್ಲ ಹೋಗಿರುತ್ತದೆ. ನಾನು ಹೊರಿಸಿದ ತಪ್ಪು ಮಾತ್ರ ಅವರಿಗೆ ಮರೆಯುವುದಿಲ್ಲ. ಮೊದಲೇ ಬಂದಿದ್ದರೆ — ಒಂದು ವರ್ಷ, ಎರಡು ವರ್ಷ ಮೊದಲು —

ಅವರಲ್ಲಿ ಉಳಿಯದ್ದು ನಿಮ್ಮಲ್ಲಾದರೂ ಉಳಿಯಲಿ ಎಂದು ಬರೆದೆ. ಅವರನ್ನು ಬಾವಿಗೆ ಕರೆಯದೆ ಬಿಟ್ಟ ಮನೆಗಳವರು ಇದನ್ನು ಓದಿದರೆ, ಒಮ್ಮೆ ಲಾಯಿಲಕ್ಕೆ ಹೋಗಿ, ತಳ ಒಡೆದದ್ದು ನೀವಲ್ಲ ಎಂದು ಅವರಿಗೆ ಹೇಳಿ. ನಿಮ್ಮ ಬಾಯಿಂದ ಕೇಳಿದರೆ ನೆನಪಿನಲ್ಲಿ ನಿಲ್ಲಬಹುದೇನೋ.

ನಾಳೆ ಭಾನುವಾರ. ತಳ ಒಡೆದ ಕಥೆಯನ್ನು ಅವರು ಮತ್ತೆ ನನಗೇ ಹೇಳುತ್ತಾರೆ. ನಾನು ಮತ್ತೆ ಮೊದಲಿಂದ ಹೇಳಬೇಕು.