ಸಂತೆಯ ಬಿಳಿ ವಿಭೂತಿ

ಮುಳ್ಳೂರಿನ ಗುರುಮಲ್ಲಪ್ಪನವರ ಮಗ ರುದ್ರಸ್ವಾಮಿಗೆ ಎರಡು ಹಣೆ ಎಂದು ನಾವು ಗೆಳೆಯರು ರೇಗಿಸುತ್ತಿದ್ದೆವು. ಮೈಸೂರಿನ ಕಾಲೇಜಿನಲ್ಲಿ ರಸಾಯನಶಾಸ್ತ್ರ ಓದುವಾಗ ಬೋಳು ಹಣೆ. ರಜಕ್ಕೆ ಬರುವಾಗ ಬಸ್ಸು ಯಳಂದೂರು ದಾಟಿ, ಮೈಸೂರು ಸೀಮೆ ಮುಗಿದು ಮದರಾಸಿನವರ ಕೊಳ್ಳೇಗಾಲ ತಾಲ್ಲೂಕು ಶುರುವಾಯಿತೆಂದರೆ ಜೇಬಿನಿಂದ ಪೊಟ್ಟಣ ಹೊರಬಂದು ಮೂರು ಪಟ್ಟೆ ವಿಭೂತಿ ಮೂಡುತ್ತಿತ್ತು. ಕೊರಳಿನ ಲಿಂಗವನ್ನು ಮಾತ್ರ ಅವನು ಎಲ್ಲಿಯೂ ತೆಗೆದವನಲ್ಲ. ಅದು ಅಜ್ಜ ಕಟ್ಟಿದ್ದು, ದೇವರ ವಿಚಾರ ಬೇರೆ ಎನ್ನುತ್ತಿದ್ದ. ಹಾಗಾದರೆ ದೇವರಿದ್ದಾನೋ ಇಲ್ಲವೋ ಎಂದು ನೇರವಾಗಿ ಕೇಳಿದರೆ ಮಾತು ಮರೆಸಿ ಎದ್ದುಹೋಗುವ ಆಸಾಮಿ. ಮನೆಯಲ್ಲಿ ಯಾರೊಂದಿಗೂ ಎದುರು ನಿಂತು ಮಾತಾಡಿ ಅಭ್ಯಾಸವೇ ಇರಲಿಲ್ಲ ಅವನಿಗೆ.

ಅವನಿಗೆ ಬರೆಯುವ ಹುಚ್ಚು ಹಿಡಿಸಿದವರು ಕಾಲೇಜಿನ ಒಬ್ಬ ಮೇಷ್ಟ್ರು. ಪ್ರಯೋಗದಲ್ಲಿ ಕಂಡದ್ದನ್ನು ಬರೆಯೋ, ಕಾಣಬೇಕಾಗಿತ್ತು ಅಂದುಕೊಂಡದ್ದನ್ನಲ್ಲ ಎಂದು ಬೈದು, ದಿನಕ್ಕೊಂದು ಪುಟ ಕನ್ನಡದಲ್ಲಿ ಬರೆದು ಕೈ ತಿದ್ದಿಕೊ ಎಂದಿದ್ದರಂತೆ. ಮೊದಮೊದಲು ಅವನ ಪುಟಗಳನ್ನು ಕೇಳುವುದೇ ಒಂದು ಶಿಕ್ಷೆ. ನಮ್ಮೂರಿನ ಹಿಪ್ಪುನೇರಳೆ ತೋಟವೆಲ್ಲ ಅದರಲ್ಲಿ ನಂದನವನವಾಗಿಬಿಡುತ್ತಿತ್ತು. ಬರಬರುತ್ತ ಕೈ ಪಳಗಿತು. ಎಲೆ ತಿನ್ನುವ ರೇಷ್ಮೆಹುಳುವಿನ ಸದ್ದಿನ ಬಗ್ಗೆ ಅವನು ಬರೆದದ್ದನ್ನು ಕೇಳಿ, ಹುಟ್ಟಿದಾಗಿನಿಂದ ಹುಳು ಸಾಕಿದ ನಾನೇ ಬೆರಗಾದೆ. ಬರೆಯದೆ ಉಣ್ಣಬಾರದು ಎಂದು ತನಗೆ ತಾನೇ ನೇಮ ಮಾಡಿಕೊಂಡಿದ್ದ. ಪೂಜೆಯಾಗದೆ ಉಣ್ಣದ ಮನೆಯಲ್ಲಿ ಹುಟ್ಟಿದವನು, ಪೂಜೆ ಬಿಟ್ಟರೂ ಆ ಉಪವಾಸವನ್ನು ಬಿಡಲಿಲ್ಲ.

ನಲವತ್ತೆಂಟನೇ ಇಸವಿಯ ಬೇಸಿಗೆ. ಅವನ ಅಕ್ಕ ಶಿವರತ್ನಮ್ಮ ಚೊಚ್ಚಲ ಬಸುರಿ, ಹನೂರಿನ ಗಂಡನ ಮನೆಯಿಂದ ಹೆರಿಗೆಗೆ ಬಂದಿದ್ದಳು. ಬಂದಾಗ ಕೆಂಪಗಿದ್ದವಳು ತವರಿನ ಅನ್ನ ತಿಂದು ದಿನದಿನಕ್ಕೆ ಬಿಳಿಚಿಕೊಂಡಳು. ಹೊಟ್ಟೆ ಹಿಂಡುವ ನೋವು ಬರುತ್ತಿತ್ತು, ಹೋಗುತ್ತಿತ್ತು. ಚೊಚ್ಚಲು, ಹೀಗೇ ಎಂದರು ಊರ ಹೆಂಗಸರು. ಒಂದು ಬೆಳಿಗ್ಗೆ ಬರೆಯಲು ಏನೂ ಸಿಕ್ಕದೆ ರುದ್ರಸ್ವಾಮಿ ಅಕ್ಕನ ಮುಖವನ್ನೇ ಬರೆಯಲು ಕೂತ. ಹೀಗೆ ದಿಟ್ಟಿಸಿ ನೋಡಬೇಡ ಕಣೋ ಎಂದು ಅವಳು ನಕ್ಕಳು. ನಕ್ಕಾಗ ಹಲ್ಲು ಮತ್ತು ಒಸಡು ಕೂಡುವಲ್ಲಿ ಶಾಯಿಯಲ್ಲಿ ಎಳೆದಂಥ ನೀಲಿ ಗೆರೆ ಕಂಡಿತು.

ಆ ಗೆರೆಯ ಬಗ್ಗೆ ಅವನು ಕೇಳಿದ್ದ. ಅಚ್ಚುಮೊಳೆ ಜೋಡಿಸುವ ಛಾಪಖಾನೆಯವರಿಗೆ ಸೀಸದ ವಿಷ ಏರಿದರೆ ಒಸಡು ಹೀಗಾಗುತ್ತದೆ, ಮೈ ಬಿಳಿಚುತ್ತದೆ, ಹೊಟ್ಟೆ ಹಿಂಡುತ್ತದೆ ಎಂದು ಮೇಷ್ಟ್ರು ಪಾಠದ ನಡುವೆ ಹೇಳಿದ್ದರು. ಬಸುರಿಯಾದರೆ ತಾಯಿ ಮಗು ಇಬ್ಬರಿಗೂ ಕುತ್ತು ಎಂದೂ ಹೇಳಿದ್ದರು. ಆದರೆ ಮುಳ್ಳೂರಿನ ಅಡುಗೆಮನೆಯಲ್ಲಿ ಸೀಸ ಎಲ್ಲಿಂದ ಬರಬೇಕು? ಪಾತ್ರೆ ನೋಡಿದ, ಬಾವಿ ನೋಡಿದ, ಅಕ್ಕನ ಕುಂಕುಮದ ಭರಣಿ ನೋಡಿದ. ಅಷ್ಟರಲ್ಲಿ ಅವಳಿಗೆ ನೋವು ಬಂತು. ತಾಯಿ ಪುಟ್ಟಮಲ್ಲಮ್ಮ ದೇವರ ಗೂಡಿನಿಂದ ವಿಭೂತಿ ಗಟ್ಟಿ ತಂದು, ಉಗುರಿನಲ್ಲಿ ಕೆರೆದು, ಹಣೆಗೆ ಹಚ್ಚಿ ಒಂದು ಚಿಟಿಕೆ ಮಗಳ ನಾಲಿಗೆಯ ಮೇಲೆ ಹಾಕಿದರು. ನಮ್ಮವರಲ್ಲಿ ಅದು ಹಿಂದಿನಿಂದ ಬಂದ ಮದ್ದು, ಎಲ್ಲರ ಮನೆಯಲ್ಲೂ ಮಾಡುವಂಥದ್ದೇ. ಮಗಳು ಬಂದಾಗಿನಿಂದ ದಿನಾ ನಡೆದಿತ್ತು, ನೋವು ಹೆಚ್ಚಿದಂತೆ ಚಿಟಿಕೆಯೂ ಹೆಚ್ಚಿತ್ತು.

ರುದ್ರಸ್ವಾಮಿ ಆ ಗಟ್ಟಿಯನ್ನು ಆಗ ನೋಡಿದ. ಮನೆಯಲ್ಲಿ ಸುಟ್ಟ ವಿಭೂತಿ ಬೂದುಬಣ್ಣದ್ದು. ಇದು ಮಲ್ಲಿಗೆಯಷ್ಟು ಬೆಳ್ಳಗಿತ್ತು, ಕೈಗೆ ಅದೆಂಥದೋ ಭಾರ. ಮಗಳ ಬಾಣಂತನಕ್ಕೆ ಒಳ್ಳೆಯದೇ ಇರಲಿ ಎಂದು ತಾಯಿ ಕೊಳ್ಳೇಗಾಲದ ಸಂತೆಯಲ್ಲಿ ಯಾರೋ ಗುರುತಿಲ್ಲದ ವ್ಯಾಪಾರಿಯಿಂದ ಅದನ್ನು ತಂದಿದ್ದರು. ಬಾಗಿಲಿನ ಬಣ್ಣಕ್ಕೆ ಬೆರೆಸುವ ಸಫೇದವನ್ನು, ಅಂದರೆ ಸೀಸದ ಬಿಳಿಪುಡಿಯನ್ನು, ಆ ವ್ಯಾಪಾರಿ ಬಿಳುಪಿಗೆಂದು ಬೆರೆಸಿದ್ದ.

ಅದನ್ನು ರುದ್ರಸ್ವಾಮಿ ರುಜುವಾತು ಮಾಡಿದ್ದು ರೇಷ್ಮೆ ಸಾಕುವ ಹುಳುಮನೆಯಲ್ಲಿ. ಕಬ್ಬಿಣದ ಅರದಪುಡಿಯನ್ನೂ ಗಂಧಕವನ್ನೂ ಕಾಯಿಸಿ, ಮೈಸೂರಿನಿಂದ ತಂದಿದ್ದ ಆಮ್ಲ ಹನಿಸಿ, ಎದ್ದ ಗ್ಯಾಸನ್ನು ವಿಭೂತಿ ಕದಡಿದ ನೀರಿಗೆ ಬಿಟ್ಟ. ಸೀಸವಿದ್ದರೆ ನೀರು ಕಪ್ಪಾಗಬೇಕು. ಮನೆಯ ಹಳೇ ವಿಭೂತಿಯ ನೀರು ಹಾಗೇ ಇತ್ತು. ಸಂತೆಯದರ ನೀರು ಕಾಡಿಗೆಯಂತೆ ಕಪ್ಪಾಯಿತು. ತಲೆಯೆತ್ತಿದರೆ ಬಾಗಿಲಲ್ಲಿ ತಾಯಿ ನಿಂತಿದ್ದರು. ಆ ಗ್ಯಾಸಿನದು ಕೊಳೆತ ಮೊಟ್ಟೆಯ ನಾತ. ಬೆಳ್ಳುಳ್ಳಿ ಹಾಕುವುದಕ್ಕೂ ಯೋಚಿಸುವ ಮನೆ ಅದು.

"ಮೈಸೂರ್ನಲ್ಲಿ ಏನಾರ ತಿನ್ಕೊ. ಈ ಮನೇಲಿ ಬ್ಯಾಡ ಕಣ್ಲಾ," ಎಂದಷ್ಟೇ ಹೇಳಿ ಅವರು ಹೋಗಿ ಗಂಜಲ ತಂದು ಹುಳುಮನೆಗೆಲ್ಲ ಚಿಮುಕಿಸಿದರು.

ಆಗಲೇ ಹೇಳಿಬಿಡಬಹುದಿತ್ತು. ನಾಲಿಗೆ ತುದಿಗೆ ಬಂದಿತ್ತಂತೆ. ಆದರೆ ಅವರ ಲೆಕ್ಕದಲ್ಲಿ ಮೊಟ್ಟೆ ತಿಂದ ಮಗ, ಮೈಸೂರಿನಲ್ಲಿ ಬೋಳು ಹಣೆಯೆಂದು ಮನೆಗೂ ಗೊತ್ತಿದ್ದ ಮಗ, ವಿಭೂತಿಯಲ್ಲಿ ವಿಷವಿದೆ ಎಂದರೆ ಈ ತಾಯಿ ನಂಬುವಳೇ? ದೇವರ ಮೇಲಿನ ಹಗೆಗೆ ಕಥೆ ಕಟ್ಟಿದ ಎನ್ನುತ್ತಾಳೆ, ಅಕ್ಕನಿಗೆ ಇನ್ನೂ ಎರಡು ಚಿಟಿಕೆ ಹೆಚ್ಚು ಹಾಕುತ್ತಾಳೆ. ಹೀಗೆಂದು ಅವನೇ ತೀರ್ಮಾನಿಸಿದ. ಸೀಸವಿದೆಯೋ ಇಲ್ಲವೋ ಎಂದು ಎರಡು ಲೋಟ ಇಟ್ಟು ಪರೀಕ್ಷಿಸಿದವನು, ತಾಯಿಯ ಮನಸ್ಸನ್ನು ಒಂದು ಮಾತು ಕೂಡ ಕೇಳಿ ನೋಡಲಿಲ್ಲ. ಇದನ್ನು ನೆನೆದರೆ ನನಗೆ ಅವನ ಮೇಲೆ ಈಗಲೂ ಸಿಟ್ಟು ಬರುತ್ತದೆ.

ಅವನು ಮಾಡಿದ್ದು ಇಷ್ಟು. ಸಗಣಿಯ ಕುರುಳು ಸುಟ್ಟು, ಬೂದಿ ಸೋಸಿ, ಬಿಳುಪಿಗೆ ಸೀಮೆಸುಣ್ಣದ ಪುಡಿ ಕಲಸಿ, ಅದೇ ಅಳತೆಯ ಗಟ್ಟಿ ಕಟ್ಟಿ ಒಣಗಿಸಿದ. ದೇವರ ಗೂಡಿನಲ್ಲಿ ಇದನ್ನಿಟ್ಟು ಸಂತೆಯದನ್ನು ಹೊಳೆಗೆ ಎಸೆದು ಬಂದ. ದೇವರನ್ನು ನಂಬದವನ ಕೈಯಲ್ಲಿ ಎಂಥ ಶುದ್ಧ ವಿಭೂತಿ ಎಂದು ನನ್ನೆದುರು ನಕ್ಕ. ನಾನೂ ನಕ್ಕೆ.

ಶಿವರತ್ನಮ್ಮ ಚೇತರಿಸಿಕೊಂಡಳು. ನೋವು ಬರುವುದು ಅಪರೂಪವಾಯಿತು, ಮುದ್ದೆ ಸೇರತೊಡಗಿತು, ಕೆನ್ನೆಗೆ ಬಣ್ಣ ಬಂತು. ರುದ್ರಸ್ವಾಮಿ ದಿನಾ ಅವಳ ಬಗ್ಗೆಯೇ ಬರೆದ. ಅಷ್ಟು ಸಂತೋಷವಾಗಿ ಅವನು ಬರೆದದ್ದನ್ನು ನಾನು ಬೇರೆ ಎಂದೂ ಕೇಳಿಲ್ಲ. ಅತ್ತ ಪುಟ್ಟಮಲ್ಲಮ್ಮ ಸಂತೆಯ ವಿಭೂತಿಯ ಮಹಿಮೆಯನ್ನು ಬಾವಿಕಟ್ಟೆಯಲ್ಲಿ ಹೇಳಿದರು. ಮಾತು ಮಧುವನಹಳ್ಳಿಗೆ ಹೋಯಿತು, ಬೀಗರ ಮೂಲಕ ಹನೂರಿಗೂ ಹೋಯಿತು. ಜನ ಸಂತೆಯ ದಿನ ಬಿಳಿ ವಿಭೂತಿ ಕೇಳಿಕೊಂಡು ಹೋಗುತ್ತಿದ್ದಾರೆಂದು ಕೇಳಿ ಅವನಿಗೆ ಊಟ ರುಚಿಸದಾಯಿತು. ಆದರೂ ನಾಳೆ ಹೇಳುತ್ತೇನೆ, ಅಕ್ಕನ ಹೆರಿಗೆಯಾಗಲಿ ಎಂದು ತಳ್ಳಿದ.

ಒಂದು ಮಧ್ಯಾಹ್ನ ನಾನೂ ಅವನೂ ಜಗಲಿಯ ಮೇಲೆ ಕೂತಿದ್ದಾಗ ತಾಯಿ ಮಜ್ಜಿಗೆ ತಂದುಕೊಟ್ಟು, ಸಂತೆಯಲ್ಲಿ ತಾನು ತಂದದ್ದು ಎರಡು ಗಟ್ಟಿ ಎಂದರು.

"ಅಕ್ಕನ್ನ ಉಳಿಸ್ದ ಇಬೂತಿ ಕಣ್ಲಾ. ಮೂಲೆಮನೆ ಚನ್ನಾಜಮ್ಮನ ಕೂಸ್ಗೆ ಒಟ್ಟೆನೋವು ಅಂತ ಅಳ್ತಿದ್ಳು. ಪೆಟ್ಗೇಲಿದ್ದ ಇನ್ನೊಂದ್ ಗಟ್ಟಿಯ ಓದ್ ವಾರ ಅವ್ಳಿಗೇ ಕೊಟ್ಬುಟ್ಟೆ."

ಲೋಟ ಅವನ ಕೈಯಿಂದ ಬಿತ್ತು. "ಅವ್ವ, ಅದು ಇಬೂತಿಯಲ್ಲ, ಇಸ," ಎಂದ. ಆಮೇಲೆ ಹೊರಟ ಮಾತು ನಿಲ್ಲಲಿಲ್ಲ. ಹುಳುಮನೆ, ಕಪ್ಪು ನೀರು, ಸೀಮೆಸುಣ್ಣ ಎಲ್ಲವನ್ನೂ ಹೇಳಿದ. ಪುಟ್ಟಮಲ್ಲಮ್ಮ ಒಂದೇ ಒಂದು ಪ್ರಶ್ನೆ ಹಾಕಲಿಲ್ಲ. ಬರಿಗಾಲಿನಲ್ಲಿ ಚನ್ನಾಜಮ್ಮನ ಮನೆಗೆ ಓಡಿದರು. ನಾವು ಹಿಂದೆ ಓಡಿದೆವು.

ಚನ್ನಾಜಮ್ಮ ನಗುತ್ತ ಬಾಗಿಲಿಗೆ ಬಂದಳು. "ಒಳ್ಳೇದಾಯ್ತು ಕಣಕ್ಕಾ. ನೆನ್ನಿಂದ ಕೂಸು ಅಳಾದ್ನೇ ಬುಟ್ಟದೆ."

ತೊಟ್ಟಿಲಲ್ಲಿ ಕೂಸು ಕಣ್ಣು ಅರೆತೆರೆದು ಮಲಗಿತ್ತು. ತುಟಿಯ ಮೇಲೆ ಬೆಳ್ಳಗಿನ ಪುಡಿ ಅಂಟಿತ್ತು.

ಕೂಸು ಉಳಿಯಲಿಲ್ಲ ಎಂದು ಈಗಲೇ ಹೇಳಿಬಿಡುತ್ತೇನೆ, ಆಸೆ ಇಟ್ಟುಕೊಳ್ಳುವುದು ಬೇಡ. ಆ ವ್ಯಾಪಾರಿಯೂ ಮತ್ತೆ ನಮಗೆ ಸಿಗಲಿಲ್ಲ. ಆದರೆ ಆಗ ಕೂಸಿಗಿನ್ನೂ ಉಸಿರಿತ್ತು. ನಾನೇ ಗಾಡಿ ಕಟ್ಟಿದೆ. ಕೊಳ್ಳೇಗಾಲದ ಆಸ್ಪತ್ರೆಯ ದಾರಿಯಲ್ಲಿ ಪುಟ್ಟಮಲ್ಲಮ್ಮನ ಮಡಿಲಲ್ಲಿ ಕೂಸು, ಪಕ್ಕದಲ್ಲಿ ಅದರ ಕಾಲು ಹಿಡಿದುಕೊಂಡು ಚನ್ನಾಜಮ್ಮ, ಎದುರಿಗೆ ರುದ್ರಸ್ವಾಮಿ. ನೀನು ನಂಬುವುದಿಲ್ಲ ಅಂದುಕೊಂಡೆ ಅವ್ವ ಎಂದು ಅವನು ಮತ್ತೆ ಮತ್ತೆ ಹೇಳುತ್ತಿದ್ದ. ಅವರು ಕೂಸಿನ ತುಟಿಯ ಪುಡಿಯನ್ನು ಸೆರಗಿನಲ್ಲಿ ಒರೆಸಿದರು. ಆಮೇಲೆ, ಬೈಯುವ ದನಿಯಲ್ಲೂ ಅಲ್ಲ, ನಿಜವಾಗಿ ಗೊತ್ತಾಗದೆ ಕೇಳುವವರಂತೆ ಕೇಳಿದರು.

"ನಾ ಎತ್ತ ಮಗನ ಮಾತ ನಾ ನಂಬಾಕಿಲ್ಲ ಅಂತ ನಿಂಗೆ ಯಾರ್ಲಾ ಏಳಿದ್ದು?"

ನಾನು ಎತ್ತುಗಳನ್ನು ಇನ್ನಷ್ಟು ಜೋರಾಗಿ ಹೊಡೆದೆ.