ಬೆಲ್ಲ ಉಣ್ಣುವ ತೊಟ್ಟಿ

ಕೆ.ಆರ್. ನಗರದ ಕಡೆಯ ಹಳ್ಳಿಯೊಂದರಲ್ಲಿ ನಂಜಣ್ಣ ಆಲೆಮನೆ ನಡೆಸುತ್ತಿದ್ದ. ಬಿಸಿ ಬೆಲ್ಲ ಕೇಳಿಕೊಂಡು ಬಂದವರನ್ನು ಬರಿಗೈಯಲ್ಲಿ ಕಳಿಸಿದವನಲ್ಲ. 2003ರಲ್ಲಿ ಅವನ ಮಗಳು ಕಾವ್ಯಶ್ರೀ ಬಾಣಂತನಕ್ಕೆ ಬರುವವಳಿದ್ದಳು. ಹೊಟ್ಟೆಯಲ್ಲಿ ಅವಳಿ ಎಂದು ಡಾಕ್ಟರು ಹೇಳಿದ್ದರು. ಎದೆಹಾಲು ಸಾಲದಿದ್ದರೆ ಪುಡಿಹಾಲೇ ಗತಿ. ಆದರೆ ಊರಿನ ಬೋರ್‌ವೆಲ್ ನೀರಿನ ತುಂಬ ನೈಟ್ರೇಟ್. ಗದ್ದೆಗೆ ಸುರಿದ ಯೂರಿಯಾ, ತಿಪ್ಪೆಗುಂಡಿಯ ರಸ ಎಲ್ಲ ನೆಲಕ್ಕಿಳಿದಿತ್ತು. ಹಸುಗೂಸಿಗೆ ಅದು ಕೇಡು, ಕಾಯಿಸಿದರೂ ಹೋಗುವಂಥದ್ದಲ್ಲ.

ಆ ಹೊತ್ತಿಗೆ ಮೈಸೂರಿನ ಕಾಲೇಜೊಂದರ ಬೃಂದಾ ಮೇಡಂ ಬಂದು, ಜಲ್ಲಿ ತುಂಬಿದ ಮುಚ್ಚುತೊಟ್ಟಿಯೊಂದನ್ನು ಕಟ್ಟಿಸಿದರು. ಅದರೊಳಗಿನ ಸೂಕ್ಷ್ಮಜೀವಿಗಳು ನೈಟ್ರೇಟನ್ನು ಒಡೆದು ಗಾಳಿಗೆ ಬಿಟ್ಟುಬಿಡುತ್ತವಂತೆ. ಅವುಗಳ ಊಟಕ್ಕೆ ಬೆಲ್ಲದ ನೀರು ಬೇಕು ಎಂದಾಗ ನಂಜಣ್ಣ ಹಿಗ್ಗಿಹೋದ.

"ಉಳಕ್ಕೂ ಬೆಲ್ಲ ಉಣ್ಣಿಸ್ತೀರಾ?" ಎಂದು ಹೆಂಡತಿ ಪುಟ್ಟಲಕ್ಷ್ಮಿ ನಕ್ಕಳು.

"ನೆಂಟ್ರು ಕಣೇ, ಸುಮ್ನಿರು" ಎಂದ.

ಆದರೆ ನೆಂಟರು ಕೆಲಸವನ್ನೇ ಮಾಡಲಿಲ್ಲ. ಪರೀಕ್ಷೆಯ ಬಾಟಲಿ ಪ್ರತಿಸಲವೂ ಕಡುಗುಲಾಬಿಗೆ ತಿರುಗಿ, ನೈಟ್ರೇಟ್ ಹಾಗೇ ಇದೆ ಎಂದು ತೋರಿಸಿತು.

"ನನ್ ಬೆಲ್ಲ ಇಡಿಸ್ಲಿಲ್ವಾ ಮೇಡಮ್ಮೋರೆ?" ನಂಜಣ್ಣನ ಮುಖ ಸಪ್ಪಗಾಯಿತು.

ಬೃಂದಾ ನೀರಿನಲ್ಲಿ ಬೆರೆತ ಗಾಳಿ ಅಳೆಯುವ ಮೀಟರನ್ನು ತೊಟ್ಟಿಗೆ ಇಳಿಬಿಟ್ಟು ನೋಡಿದರು. "ಬೆಲ್ಲದ ತಪ್ಪಲ್ಲ ನಂಜಣ್ಣೋರೆ. ನೀರು ಮೇಲಿಂದ ಧುಮುಕ್ತಾ ಗಾಳೀನೂ ತರ್ತಿದೆ. ಗಾಳಿ ಸಿಕ್ಕಿದ್ರೆ ಇವು ಅದನ್ನೇ ಉಸಿರಾಡ್ತವೆ. ಸಿಗದಿದ್ರೆ ಮಾತ್ರ ನೈಟ್ರೇಟಿಗೆ ಕೈ ಹಾಕ್ತವೆ."

ಅಂದೇ ನಂಜಣ್ಣ ಪೈಪು ತಂದು, ನೀರು ಸದ್ದಿಲ್ಲದೆ ತಳಕ್ಕೇ ಇಳಿಯುವಂತೆ ಜೋಡಿಸಿದ. ಬಾಟಲಿಯ ಬಣ್ಣ ತಿಳಿಯಾಯಿತು, ಆದರೆ ಪೂರ್ತಿ ಹೋಗಲಿಲ್ಲ. ಈ ನೀರಿನಲ್ಲಿ ರಂಜಕದ ಅಂಶ ತೀರ ಕಡಿಮೆ, ಅದಿಲ್ಲದೆ ಜೀವಿಗಳು ಬೆಳೆಯುವುದಿಲ್ಲ ಎಂದು ಬೃಂದಾ ಕಂಡುಕೊಂಡರು. ಬೆಲ್ಲದ ನೀರಿಗೆ ರಂಜಕವಿರುವ ಫಾಸ್ಫೇಟ್ ಚಿಟಿಕೆಯಷ್ಟು ಬೆರೆಸತೊಡಗಿದರು.

ಮುಂದಿನ ವಾರ ಬಾಟಲಿಯಲ್ಲಿ ಬಣ್ಣವೇ ಏಳಲಿಲ್ಲ. ನಂಜಣ್ಣ ಅದನ್ನು ಬಿಸಿಲಿಗೆ ಹಿಡಿದು, ತಿರುಗಿಸಿ ತಿರುಗಿಸಿ ನೋಡಿ, ಬೀದಿಯಲ್ಲಿ ಹೋಗುವವರನ್ನೆಲ್ಲ ಕೂಗಿ ಕರೆದ. ಮರಳಿನಲ್ಲಿ ಸೋಸಿ ಕ್ಲೋರಿನ್ ಹಾಕಿದ ನೀರನ್ನು ಮೈಸೂರಿನ ಲ್ಯಾಬಿನವರೂ ಕುಡಿಯಬಹುದೆಂದು ಒಪ್ಪಿದ ಮೇಲೆ ನಲ್ಲಿಗೆ ಬಿಟ್ಟರು. ಮೊದಲ ಬಿಂದಿಗೆ ಪುಟ್ಟಲಕ್ಷ್ಮಿಯದು.

ಶ್ರಾವಣದಲ್ಲಿ ಕಾವ್ಯಶ್ರೀಗೆ ಎರಡು ಹೆಣ್ಣುಮಕ್ಕಳಾದವು. ಒಂದು ಎದೆಹಾಲು ಕುಡಿದರೆ ಇನ್ನೊಂದಕ್ಕೆ ಅಜ್ಜಿ ಪುಡಿಹಾಲು ಕಲಸುತ್ತಿದ್ದಳು. ನಾಮಕರಣಕ್ಕೆ ಬಂದ ಬೃಂದಾ ಬಸ್ಸಿಗೆ ಹೊತ್ತಾಯಿತೆಂದು ಎದ್ದರು.

"ಇಬ್ರುನೂ ಎತ್ಕೊಳ್ದೆ ಓಗಂಗಿಲ್ಲ ಕಣ್ರೀ" ಎಂದು ನಂಜಣ್ಣ ಬಾಗಿಲಿಗೆ ಅಡ್ಡ ನಿಂತ. ಬೃಂದಾ ನಗುತ್ತಾ ಚೀಲ ಕೆಳಗಿಟ್ಟು ಎರಡು ಕೈಯನ್ನೂ ಚಾಚಿದರು.